ಆದಿಲಕ್ಷ್ಮಮ್ಮ ಸಾಕಿದ ನೀರುಹುಳ

ಹುತ್ತೂರಿನ ಕಡೆ ಹುಳ ಸಾಕುವ ಮನೆಗಳಿಗೆ ಬರವಿಲ್ಲ. ಆದರೆ ಹುಳಕ್ಕೆ ಏನಾದರೂ ಆದರೆ ಜನ ಓಡಿಬರುವುದು ಆದಿಲಕ್ಷ್ಮಮ್ಮನ ಬಾಗಿಲಿಗೇ. ಮೂವತ್ತು ವರ್ಷ ರೇಷ್ಮೆ ಸಾಕಿ ಪಳಗಿದ ಕೈ. ಅವಳ ಉದಾಸೀನದಿಂದ ಒಂದು ತಟ್ಟೆ ಹುಳ ಸತ್ತಿತು ಎನ್ನುವ ಧೈರ್ಯ ಅವಳ ನಾದಿನಿಗೂ ಇಲ್ಲ. ಆ ನಾದಿನಿಯೋ, ಬೇರೆ ಯಾವ ವಿಷಯದಲ್ಲೂ ಅವಳನ್ನು ಸುಮ್ಮನೆ ಬಿಟ್ಟವಳಲ್ಲ. ಆ ಹೆಸರೇ ಆದಿಲಕ್ಷ್ಮಮ್ಮನ ಆಸ್ತಿ. ಸ್ವಲ್ಪ ಜಂಬವೂ ಹೌದು.

ಎರಡು ವರ್ಷದ ಹಿಂದೆ, ಬೆಂಗಳೂರಿನಲ್ಲಿ ಸಂಶೋಧನೆ ಮಾಡುವ ಮಾಲೂರಿನ ಹುಡುಗಿ ಆಶಾರಾಣಿ ಎರಡು ಡಬ್ಬಿ ಹಿಡಿದು ಬಂದಳು. ಡಬ್ಬಿಗಳ ನೀರಿನಲ್ಲಿ ಮರಳಿನ ಪುಟ್ಟ ಕೊಳವೆಗಳು ನಡೆದಾಡುತ್ತಿದ್ದವು. ಒಂದೊಂದರೊಳಗೂ ಒಂದು ಹುಳ. ಬಾಯಿಂದ ನೂಲು ಬಿಟ್ಟು, ಮರಳ ಕಣ ಅಂಟಿಸಿ, ತನ್ನ ಮನೆ ತಾನೇ ಕಟ್ಟಿಕೊಂಡಿತ್ತು.

“ಇದೂ ರೇಷ್ಮೆ ಹುಳಾನೇ ಕಣಮ್ಮ. ನೀರಿಗೆ ಹೋದ ದಾಯಾದಿ” ಎಂದಳು ಆದಿಲಕ್ಷ್ಮಮ್ಮ.

ಆಶಾರಾಣಿಯ ತೊಡಕು ಇದು. ಕೋಲಾರದ ಬೆಟ್ಟದಲ್ಲಿ ನೆರಳಿನ ತೊರೆಯೊಂದಿದೆ, ನೀರು ತಣ್ಣಗೆ. ಮುಳಬಾಗಿಲು ಕಡೆ ಬೋಳು ಬಂಡೆಯ ಮೇಲೆ ಇನ್ನೊಂದು, ಮಧ್ಯಾಹ್ನ ಕಾಲಿಟ್ಟರೆ ಸ್ನಾನದ ನೀರು. ಎರಡರಲ್ಲೂ ಇರುವುದು ಒಂದೇ ಜಾತಿಯ ಹುಳ. ಬಂಡೆಯ ಹುಳ ಬಿಸಿ ತಡೆಯುವುದು ದಿನಾ ಬಿಸಿನೀರಿನಲ್ಲಿದ್ದು ಬಂದ ಅಭ್ಯಾಸದಿಂದಲೋ, ತಲೆತಲಾಂತರದಿಂದ ರಕ್ತದಲ್ಲಿ ಇಳಿದುಬಂದ ಗುಣದಿಂದಲೋ? ತಿಳಿಯಬೇಕಾದರೆ ಎರಡನ್ನೂ ಬೆರೆಸದೆ, ಒಂದೇ ಥರದ ತಣ್ಣೀರಿನಲ್ಲಿ ಸಾಕಿ, ಅವಕ್ಕೆ ಹುಟ್ಟಿದ ಮರಿಗಳನ್ನು ಬಿಸಿಗೆ ಒಡ್ಡಬೇಕು. ಲ್ಯಾಬಿನಲ್ಲಿ ಮರಿಯಾಗುವ ಮೊದಲೇ ಎರಡು ಸಲ ಹುಳಗಳು ಸತ್ತಿದ್ದವು.

“ಹುಟ್ಟುಗುಣ ಸುಟ್ರೂ ಹೋಗಲ್ಲ ಅಂತಾರಲ್ಲ, ಅದು ನಿಜಾನಾ ಅಂತ ನೋಡ್ಬೇಕು, ಅಷ್ಟೇ ತಾನೆ? ಬಿಟ್ಟು ಹೋಗು. ಸಾಕ್ತೀನಿ.”

ಸಾಕಿದಳು. ಹುಳದ ಮನೆಯ ಮೂಲೆಯಲ್ಲಿ ಮಣ್ಣಿನ ಬಾನಿಗಳು, ಸುತ್ತ ಒದ್ದೆ ಗೋಣಿ, ಮೇಲೆ ಕಟ್ಟಿದ ಕೊಡದಿಂದ ದಿನವಿಡೀ ತೊಟ್ಟಿಕ್ಕುವ ನೀರು, ಮೇವಿಗೆ ಕೊಳೆತ ಹೊಂಗೆ ಎಲೆ. ಬೆಟ್ಟದ ಹುಳ ಮುಟ್ಟಿದ ಕೈಯನ್ನು ತೊಳೆಯದೆ ಬಂಡೆಯ ಹುಳ ಮುಟ್ಟುತ್ತಿರಲಿಲ್ಲ. ಮಡಿ ಎಂದರೆ ನಗುತ್ತಿದ್ದವಳು ಈ ಹುಳಗಳಿಗಾಗಿ ಮಡಿ ಹಿಡಿದಳು.

ಪುಷ್ಯದ ಚಳಿಯಲ್ಲಿ ಹುಳಗಳು ಕಲ್ಲಿಗೆ ಅಂಟಿಕೊಂಡು, ಕೊಳವೆಯ ಬಾಯಿ ಮುಚ್ಚಿ ಕೂತವು. ಎರಡು ವಾರಕ್ಕೆ ರೆಕ್ಕೆ ಮೂಡಿ ಹೊರಬರಬೇಕು. ನಾಲ್ಕು ವಾರವಾದರೂ ಒಂದೂ ಬರಲಿಲ್ಲ. ಆಶಾರಾಣಿಯ ಗುರು ಪ್ರೊಫೆಸರ್ ಅಮರನಾಥ್ ತಾವೇ ನೋಡಲು ಬಂದರು. ಒಂದು ಕೊಳವೆ ಬಿಡಿಸಿದರೆ ಒಳಗೆ ಕೊಳೆತ ಹುಳ. ಇನ್ನೊಂದರಲ್ಲೂ ಅದೇ.

“ಎಲ್ಲಾ ಸತ್ತಿವೆ. ನಿಮ್ಮ ತಪ್ಪಲ್ಲ ಬಿಡಿ, ಇದು ಮನೆಯಲ್ಲಿ ಆಗೋ ಕೆಲಸ ಅಲ್ಲ. ಚೆಲ್ಲಿಬಿಡಿ.”

ತಪ್ಪು ಎಂದಿದ್ದರೆ ಜಗಳವಾಡುತ್ತಿದ್ದಳು. ‘ನಿಮ್ಮ ತಪ್ಪಲ್ಲ’ ಎಂಬ ಆ ಕನಿಕರ ಆದಿಲಕ್ಷ್ಮಮ್ಮನ ಎದೆಗೆ ಚುಚ್ಚಿತು. ಆಶಾರಾಣಿ ಕಣ್ಣೊರೆಸಿಕೊಂಡು ಬಾನಿ ಎತ್ತಲು ಬಗ್ಗಿದಳು.

“ಉಂಡಮ್ಮಾ, ಉಂಡು” ಎಂದು ಆದಿಲಕ್ಷ್ಮಮ್ಮ ಅವಳ ಕೈ ಹಿಡಿದು ತಡೆದಳು. ಸಿಟ್ಟು ಬಂದರೆ, ತಾಳು ಎನ್ನುವುದಕ್ಕೂ ಅವಳ ಬಾಯಿಗೆ ತೆಲುಗೇ ಬರುವುದು. “ಚಳಿಗೆ ರೇಷ್ಮೆ ಗೂಡೇ ತಡ ಆಗ್ತದೆ ಸಾರ್. ಎರಡು ಕೆಟ್ರೆ ಎಲ್ಲಾ ಕೆಟ್ಟಂಗಾ? ಜೀವ ಇದ್ರೆ ಉಸಿರಾಡ್ಬೇಕು. ನೀರಲ್ಲಿರೋದು ನೀರನ್ನೇ ಎಳ್ಕೋಬೇಕು.”

ತೊಟ್ಟಿಕ್ಕುವ ನೀರು ನಿಲ್ಲಿಸಿದಳು. ಚಿಟಿಕೆ ರಾಗಿ ಹಿಟ್ಟನ್ನು ನೀರಿನಲ್ಲಿ ಕದಡಿ, ಬೆರಳ ತುದಿಯಿಂದ ಒಂದು ಕೊಳವೆಯ ಬಾಯಿಯ ಬಳಿ ಹನಿ ಬಿಟ್ಟಳು. ಹಿಟ್ಟಿನ ಕಣಗಳು ನಿಂತ ನೀರಿನಲ್ಲಿ ತೇಲಾಡಿದವು. ಆಮೇಲೆ ಕಣಗಳು ಒಂದರ ಹಿಂದೊಂದು ಕೊಳವೆಯ ಕಡೆ ಸರಿದು, ಮುಚ್ಚಳದ ಸಂದಿಯಲ್ಲಿ ಒಳಗೆ ಹೋದವು. ಅಮರನಾಥ್ ಪ್ಯಾಂಟು ಒದ್ದೆಯಾಗುವುದನ್ನೂ ನೋಡದೆ ನೆಲಕ್ಕೆ ಮಂಡಿಯೂರಿದರು. ಸಂಜೆಯ ಹೊತ್ತಿಗೆ ಎಂಬತ್ತರಲ್ಲಿ ಅರವತ್ತೊಂದು ಹುಳ ಉಸಿರಾಡುತ್ತಿರುವುದು ಗೊತ್ತಾಯಿತು.

ಒಂಬತ್ತನೆಯ ದಿನ, ಬಾನಿಗಳ ಮೇಲೆ ಕಟ್ಟಿದ್ದ ಸೊಳ್ಳೆಪರದೆಯೊಳಗೆ ಬೂದು ಬಣ್ಣದ ಚಿಟ್ಟೆಗಳು ಎದ್ದವು. ಎರಡು ತೊರೆಯವಕ್ಕೂ ಬೇರೆ ಬೇರೆ ಪರದೆ. ಮೊಟ್ಟೆಯಿಟ್ಟವು, ಮರಿಗಳು ಅದೇ ತಣ್ಣೀರಿನಲ್ಲಿ ಬೆಳೆದವು.

ಶ್ರಾವಣದಲ್ಲಿ ಪರೀಕ್ಷೆ. ಅಮರನಾಥ್ ನೀರನ್ನು ನಿಧಾನವಾಗಿ ಕಾಯಿಸಿದರು. ಕಲ್ಲಿನ ಹಿಡಿತ ಬಿಟ್ಟ ಹುಳವನ್ನು ಆ ಕ್ಷಣವೇ ತಣ್ಣೀರಿಗೆ ಹಾಕಬೇಕು ಎಂದು ಆದಿಲಕ್ಷ್ಮಮ್ಮ ಮೊದಲೇ ಕರಾರು ಮಾಡಿದ್ದಳು. ಮೂವತ್ತೊಂದು ಡಿಗ್ರಿಗೆ ಬೆಟ್ಟದ ಮರಿಗಳು ಒಂದೊಂದಾಗಿ ಕಲ್ಲು ಬಿಟ್ಟವು. ಬಂಡೆಯ ಮರಿಗಳು ಎಲೆ ಮೇಯುತ್ತಲೇ ಇದ್ದವು. ಮೂವತ್ತೆರಡು. ಮೂವತ್ತಮೂರು. ಮೂವತ್ತನಾಲ್ಕಾದರೂ ಮುಕ್ಕಾಲು ಪಾಲು ಹಿಡಿದ ಕಲ್ಲನ್ನು ಬಿಟ್ಟಿರಲಿಲ್ಲ. ಹುಟ್ಟಿದ್ದು ತಣ್ಣೀರು, ಬೆಳೆದದ್ದು ತಣ್ಣೀರು, ಬಿಸಿಯ ಪರಿಚಯವೇ ಇಲ್ಲ. ಗುಣ ರಕ್ತದಲ್ಲೇ ಇತ್ತು.

ಆಶಾರಾಣಿ ಅವಳನ್ನು ತಬ್ಬಿಕೊಂಡಳು. ಆದಿಲಕ್ಷ್ಮಮ್ಮನಿಗೆ ಮಗಳು ಹೆತ್ತಾಗ ಆದಷ್ಟೇ ಸಂತೋಷವಾಯಿತು. ಅದನ್ನು ಬಾಯಿಬಿಟ್ಟು ಹೇಳಿಯೂ ಹೇಳಿದಳು.

ಅಮರನಾಥ್ ಪುಸ್ತಕ ತೆರೆದು ಪೆನ್ನು ಹಿಡಿದರು. “ಅಮ್ಮ, ಇವುಗಳ ವಂಶ ಬರ್ಕೋಬೇಕು. ಇವುಗಳ ಅಪ್ಪ ಅಮ್ಮ ಯಾವ ಬಾನಿಯವು?”

“ಬರ್ಕೊಳ್ಳಿ ಸಾರ್” ಎಂದಳು ಆದಿಲಕ್ಷ್ಮಮ್ಮ. “ನೀವು ಸತ್ತಿವೆ, ಚೆಲ್ಲಿಬಿಡಿ ಅಂದ್ರಲ್ಲ, ಅವುಗಳ ಮಕ್ಕಳೇ ಇವು.”