ಬೀಗ ಹಾಕಿದ ಮನೆಯಲ್ಲಿ ಕಲ್ಲುಪ್ಪು

೧೯೭೪ರಲ್ಲಿ ನಾನು ಹೊಳಲ್ಕೆರೆಯಲ್ಲಿ ಸರ್ಕಾರಿ ಕಟ್ಟಡಗಳ ಉಸ್ತುವಾರಿ ಹೊತ್ತ ಜೂನಿಯರ್ ಎಂಜಿನಿಯರ್ ಆಗಿದ್ದೆ. ಕೆಲಸಕ್ಕೆ ಸೇರಿ ಮೂರೇ ವರ್ಷ, ಆದರೂ ಗೋಡೆ ನೋಡಿದರೆ ಸಾಕು, ಅದರ ಜಾತಕ ಹೇಳಬಲ್ಲೆನೆಂಬ ಜಂಬ. ಕೆರೆ ಏರಿಯ ಕೆಳಗಿನ ನರ್ಸ್ ಕ್ವಾರ್ಟರ್ಸ್ ಮಾರ್ಚ್‌ನಲ್ಲಿ ಖಾಲಿಯಾಯಿತು. ಕಳ್ಳರು, ಬಾವಲಿ, ಮಳೆ ಯಾವುದೂ ಒಳಗೆ ಬರಬಾರದೆಂದು ಕಿಟಕಿಗಳನ್ನೆಲ್ಲ ಮುಚ್ಚಿಸಿ, ಗವಾಕ್ಷಿಗಳಿಗೆ ಗೋಣಿತಟ್ಟು ತುರುಕಿಸಿ ಬೀಗ ಹಾಕಿಸಿದೆ. ಬೀಗದ ಕೈ ಪಕ್ಕದ ಮನೆಯ ಗಂಗಮ್ಮನ ಬಳಿ ಇತ್ತು.

ಆ ವರ್ಷ ಮೇ ತಿಂಗಳಲ್ಲೇ ಮಳೆ ಶುರುವಾಗಿ ಮೈಗೆ ಅಂಟುವ ಸೆಕೆ. ಇಪ್ಪತ್ತೊಂದರಂದು ಹೊಸ ನರ್ಸ್ ಶಾರದಮ್ಮ ಹಿರಿಯೂರಿನಿಂದ ಮನೆ ನೋಡಲು ಬಂದರು. ಬಾಗಿಲು ತೆಗೆದರೆ ಮುಗ್ಗಲು ವಾಸನೆ ಮುಖಕ್ಕೆ ಬಡಿಯಿತು. ನಾಲ್ಕೂ ಗೋಡೆಗೆ ಸೊಂಟದೆತ್ತರ ಹಸಿರು ಬೂಷ್ಟು. ಆಕೆ ಹೊಸ್ತಿಲು ದಾಟಲಿಲ್ಲ.

"ನನ್ ಮಗಳಿಗೆ ಉಬ್ಬಸ ಐತೆ ಸಾರ್. ಗಾಳಿ ಕೆಟ್ರೆ ಮಲಗಾಕಾಗಲ್ಲ, ಗೋಡೆಗೆ ಒರಗಿ ಕುಂತ್ಕಂಡೇ ನಿದ್ದೆ ಮಾಡ್ತಾಳೆ. ಒಂದನೇ ತಾರೀಕು ಡ್ಯೂಟಿಗೆ ಬರಬೇಕು. ಬೇರೆ ಮನೆ ಎಲ್ಲೂ ಸಿಗ್ಲಿಲ್ಲ."

ಅಷ್ಟರೊಳಗೆ ಸರಿ ಮಾಡಿಸುತ್ತೇನೆಂದು ಮಾತು ಕೊಟ್ಟುಬಿಟ್ಟೆ. ಉಳಿದಿದ್ದುದು ಹತ್ತೇ ದಿನ.

ಕೆರೆಯ ನೀರೇ ಜಿನುಗುತ್ತಿದೆ ಎಂದು ತೀರ್ಮಾನಿಸಿದೆ. ಬೂಷ್ಟು ಕೆರೆಸಿ, ಅಡಿಕೆ ತೋಟದವರು ಗೊನೆ ಕೊಳೆಯದಂತೆ ಹೊಡೆಯುವ ಮೈಲುತುತ್ತವನ್ನೇ ಸುಣ್ಣಕ್ಕೆ ಬೆರೆಸಿ ಎರಡು ಸಲ ಬಳಿಸಿದೆ. ಐದನೇ ದಿನ ಮಧ್ಯಾಹ್ನ ಹೋಗಿ ನೋಡಿದರೆ ಹೊಸ ಸುಣ್ಣದ ಮೇಲೆ ಮತ್ತೆ ತೇವದ ಕಲೆ, ಮತ್ತೆ ಅದೇ ವಾಸನೆ. ಆ ರಾತ್ರಿ ಕಣ್ಣು ಮುಚ್ಚಿದರೆ, ನಾನು ನೋಡಿಯೇ ಇರದ ಹುಡುಗಿ ಆ ಗೋಡೆಗೆ ಒರಗಿ ಏದುಸಿರು ಬಿಡುತ್ತಿದ್ದಳು.

ಗಾರೆ ಮೇಸ್ತ್ರಿ ತಿಪ್ಪಣ್ಣ ತಲೆ ಕೆರೆದುಕೊಂಡ. "ಕೆರೆ ನೀರಾದ್ರೆ ಆ ಕಡೀ ಗೋಡೆ ಒಂದೇ ಬೆವರಬೇಕು ಸಾರ್. ಇಲ್ಲಿ ನಾಕೂ ಬೆವರ್ತವೆ. ಉಪ್ಪು ಇಟ್ಟು ನೋಡಾಣ."

ಗಾಳಿಯ ತೇವ ಅಳೆಯುವ ಹೈಗ್ರೋಮೀಟರ್ ನಮ್ಮಲ್ಲಿ ಇರಲಿಲ್ಲ. ತೇವ ಹೆಚ್ಚಿದಷ್ಟೂ ಕಲ್ಲುಪ್ಪು ನೀರೊಡೆಯುತ್ತದೆ, ಅದೇ ನಮ್ಮ ಉಪಕರಣ. ಸಂಜೆ ಮೂರು ತಟ್ಟೆ ಒಳಗೆ, ಒಂದು ಹೊರಗೆ ಜಗಲಿಯ ಮೇಲೆ ಇಟ್ಟೆವು. ತಡೆಯಲಾರದೆ ಮರುದಿನ ಏಳು ಗಂಟೆಗೇ ಓಡಿದೆ. ಜಗಲಿಯ ಉಪ್ಪು ಸ್ವಲ್ಪ ಪಸೆಯಾಗಿತ್ತು, ಅಷ್ಟೆ. ಒಳಗಿನ ಮೂರು ತಟ್ಟೆಯಲ್ಲೂ ನೀರು ನಿಂತಿತ್ತು. ನಡುಮನೆಯಲ್ಲಿ ಗಂಗಮ್ಮ ಸೆರಗು ಸಿಕ್ಕಿಸಿಕೊಂಡು ಕೊಡದಿಂದ ನೆಲಕ್ಕೆ ನೀರು ಸುರಿಯುತ್ತಿದ್ದಳು.

"ದಿನಾ ತೊಳ್ದು ದೀಪ ಹಚ್ಚಿ ಬೀಗ ಹಾಕ್ತೀನಪ್ಪ. ದೀಪ ಇಲ್ದ ಮನೆ ಹಾಳು ಬೀಳ್ತತೆ. ಸೀಕಿನ ಮಗು ಬರ್ತತೆ ಅಂದ್ರಲ್ಲ, ಈಗ ಒಂದು ಕೊಡ ಜಾಸ್ತೀನೇ ಹಾಕ್ತಿದೀನಿ!"

ನನಗೆ ಮೈ ಉರಿಯಿತು. "ಮುಚ್ಚಿದ ಮನೆಯಾಗೆ ಈ ನೀರೆಲ್ಲ ಎಲ್ಲಿಗೆ ಹೋಗ್ಬೇಕು ಗಂಗಮ್ಮ?"

"ಹಳೇ ನರ್ಸಮ್ಮ ಇದ್ದಾಗ್ಲೂ ಹಿಂಗೇ ತೊಳೀತಿದ್ದೆ. ಆಗ ಕಿಟಕಿ ತೆಗ್ದಿರ್ತಿದ್ವು. ಮುಚ್ಚಿಸ್ದೋರು ಯಾರ್ರಿ?"

ಮುಚ್ಚಿಸಿದವನು ನಾನು. ನಾನೇ ಏಣಿ ಹತ್ತಿ ಗೋಣಿತಟ್ಟು ಕಿತ್ತೆ. ಅಂದಿನಿಂದ ನೀರು ಬಂದ್, ಒಣ ಪೊರಕೆ ಮಾತ್ರ. ಮಳೆ ಇಲ್ಲದ ಹೊತ್ತೆಲ್ಲ ಕಿಟಕಿ ತೆರೆದು, ಹಗಲು ಕೋಣೆಗೊಂದು ಇದ್ದಿಲ ಒಲೆ ಇಟ್ಟೆವು. ದೀಪ ಬಿಡಿಸುವ ಧೈರ್ಯ ನನಗಾಗಲಿಲ್ಲ. ಗಂಗಮ್ಮ ಎರಡು ದಿನ ಮುನಿಸಿಕೊಂಡಳು, ಮೂರನೇ ದಿನ ತಾನೇ ಉಪ್ಪಿನ ತಟ್ಟೆಗಳ ಕಾವಲಿಗೆ ನಿಂತಳು. ಮೂವತ್ತೊಂದರಂದು ಒಳಗಿನ ಉಪ್ಪಿಗೂ ಹೊರಗಿನದಕ್ಕೂ ವ್ಯತ್ಯಾಸ ಕಾಣಲಿಲ್ಲ. ಆದರೂ ನನಗೆ ಧೈರ್ಯವಿಲ್ಲ.

ಶಾರದಮ್ಮ ಮಗಳೊಂದಿಗೆ ಬಂದ ಮರುದಿನ, ಜೂನ್ ಎರಡರ ಬೆಳಿಗ್ಗೆ, ಬಾಗಿಲು ತಟ್ಟಲು ಕೈ ಎತ್ತಿದೆ. ಜಗಲಿಯಲ್ಲಿದ್ದ ಗಂಗಮ್ಮ ತುಟಿಯ ಮೇಲೆ ಬೆರಳಿಟ್ಟಳು.

"ಮೆಲ್ಲಕೆ ಬರ್ರಿ. ಮಗು ಮಲಗೈತೆ."

ತೆರೆದ ಕಿಟಕಿಯಿಂದ ಇಣುಕಿದೆ. ಹುಡುಗಿ ಚಾಪೆಯ ಮೇಲೆ ಕೈಕಾಲು ಚೆಲ್ಲಿ ಅಂಗಾತ ಮಲಗಿದ್ದಳು. ನನ್ನ ಕಣ್ಣು ತುಂಬಿತು.

ಆಮೇಲೆ ನಿವೃತ್ತಿಯಾಗುವವರೆಗೂ, ಯಾವ ಕಟ್ಟಡ ಕೆಟ್ಟರೂ ನಾನು ಮೊದಲು ತೆಗೆಸಿ ಓದುತ್ತಿದ್ದುದು ಅದರ ಬಗ್ಗೆ ನಾನೇ ಹೊರಡಿಸಿದ್ದ ಆದೇಶವನ್ನು. ಗೋಡೆಯನ್ನು ಆಮೇಲೆ ನೋಡುತ್ತಿದ್ದೆ.