ಬಾಗಿಲ ಹೊರಗಿನ ಟೊಪ್ಪಿಗೆಯವ

ಇಂಗ್ಲಿಷ್ ಸಿನಿಮಾದ ಆ ಟೊಪ್ಪಿಗೆಯವ ಮುಚ್ಚಿದ ಬಾಗಿಲ ಹೊರಗೆ ನಿಂತು ಅಷ್ಟು ಹೊತ್ತು ಏನು ಮಾತಾಡಿದ ಎಂಬುದು ನನಗೆ ಹರೆಯದಿಂದಲೂ ಬಗೆಹರಿಯದ ಪ್ರಶ್ನೆಯಾಗಿತ್ತು. ನಾನು ಓದಿದ್ದು ನಾಲ್ಕನೇ ಇಯತ್ತೆ, ಅದೂ ಗದಗಿನ ಕಡೆಯ ಹಳ್ಳಿಶಾಲೆಯಲ್ಲಿ. ಇಂಗ್ಲಿಷಿನಲ್ಲಿ ನನಗೆ ತಿಳಿಯುವುದು ಗುಳಿಗೆಗಳ ಹೆಸರು ಮಾತ್ರ. ಆದರೂ ನಾನು ನೋಡಿದಷ್ಟು ಹಳೆಯ ಇಂಗ್ಲಿಷ್ ಸಿನಿಮಾಗಳನ್ನು ನಮ್ಮ ಬಿಲ್ಡಿಂಗಿನ ಓದಿದವರೂ ನೋಡಿರಲಿಕ್ಕಿಲ್ಲ.

ಅದಕ್ಕೆ ಕಾರಣ ಪಕ್ಕದ ಖೋಲಿಯವಳು. ಮದುವೆಯಾಗಿ ಡೊಂಬಿವಲಿಯ ಸಾಲುಖೋಲಿಗಳ ಚಾಳಿಗೆ ಬಂದಾಗ ನನ್ನ ಗಂಡ ಎಂಐಡಿಸಿಯ ಒಂದು ಕಾರ್ಖಾನೆಯಲ್ಲಿ ಫಿಟರ್. ಪಕ್ಕದವಳು ಉಡುಪಿ ಕಡೆಯವಳು, ನನಗಿಂತ ತುಸು ಚಿಕ್ಕವಳು. ಅವಳ ಗಂಡ ಕಲ್ಯಾಣದ ಒಂದು ಹೋಟೆಲಿನಲ್ಲಿ ಕೆಲಸಕ್ಕಿದ್ದ. ಆ ಹೋಟೆಲಿನಿಂದ ಒಂದು ಥಿಯೇಟರಿನ ಕ್ಯಾಂಟೀನಿಗೆ ವಡೆ ಹೋಗುತ್ತಿತ್ತು. ವಡೆಯ ಗುರುತಿನಿಂದ ಗೇಟಿನವನು ನಮ್ಮಿಬ್ಬರನ್ನು ಬೆಳಗಿನ ಆಟಕ್ಕೆ ಹಿಂದಿನ ಸಾಲಿನಲ್ಲಿ ಕೂರಲು ಬಿಡುತ್ತಿದ್ದ. ಬೆಳಗಿನ ಆಟಕ್ಕೆ ಹಾಕುತ್ತಿದ್ದುದು ಕಪ್ಪುಬಿಳುಪಿನ ಇಂಗ್ಲಿಷ್ ಸಿನಿಮಾ. ಒಳಗೆ ಜನ ಇರುತ್ತಿರಲಿಲ್ಲ, ಫ್ಯಾನು ಇರುತ್ತಿತ್ತು. ಮೊದಮೊದಲು ನಾವು ಹೋಗುತ್ತಿದ್ದುದು ಫ್ಯಾನಿಗಾಗಿ.

ಮಾತು ತಿಳಿಯದಿದ್ದರೆ ಮುಖ ನೋಡುತ್ತಾ ಕೂರಬೇಕಾಗುತ್ತದೆ. ನಮ್ಮ ಸಿನಿಮಾದ ನಾಯಕರಿಗೆ ಅಳು ಬಂದರೆ ಅಳುತ್ತಾರೆ, ಸಿಟ್ಟು ಬಂದರೆ ಮೂಗು ಅರಳಿಸುತ್ತಾರೆ. ಕಿವುಡರಿಗೂ ತಿಳಿಯುತ್ತದೆ. ಈ ಗಂಡಸರು ಹಾಗಲ್ಲ. ಸಿಗರೇಟು ಹಚ್ಚುವಾಗಲೂ ಅದೇ ಮುಖ, ಹೆಂಡತಿ ಸತ್ತಾಗಲೂ ಅದೇ ಮುಖ. ಬೂಟು ಹಾಕಿಕೊಂಡೇ ಹಾಸಿಗೆಯ ಮೇಲೆ ಉರುಳುತ್ತಾರೆ. ಊಟಕ್ಕೆ ಕೂತವರು ಎರಡು ತುತ್ತು ತಿನ್ನದೆ ಎದ್ದು ಹೋಗುತ್ತಾರೆ. ಮನೆಗೆ ತಂದುಕೊಳ್ಳುವಂಥವನು ಅವರಲ್ಲಿ ಒಬ್ಬನೂ ಇರಲಿಲ್ಲ. ಆದರೂ ಕಣ್ಣು ಕೀಳಲಿಕ್ಕಾಗುತ್ತಿರಲಿಲ್ಲ.

ಒಂದು ಸಿನಿಮಾ ವಾರವಿಡೀ ಓಡಿತು. ಅದರ ಕೊನೆಗೆ ಉದ್ದ ಕೋಟಿನ ಟೊಪ್ಪಿಗೆಯವ ಮಳೆಯಲ್ಲಿ ಒಂದು ಮನೆಯ ಬಾಗಿಲ ಮುಂದೆ ನಿಲ್ಲುತ್ತಾನೆ. ಒಳಗೆ ಹೆಂಗಸು ಚಿಲಕದ ಮೇಲೆ ಕೈಯಿಟ್ಟು ನಿಂತಿರುತ್ತಾಳೆ. ಅವನು ಸಣ್ಣ ದನಿಯಲ್ಲಿ ಬಹಳ ಹೊತ್ತು ಮಾತಾಡುತ್ತಾನೆ. ಅವಳು ತೆಗೆಯುವುದಿಲ್ಲ. ಅವನು ಟೊಪ್ಪಿಗೆ ಸರಿಮಾಡಿಕೊಂಡು ಮೆಟ್ಟಿಲಿಳಿದು ಹೋಗುತ್ತಾನೆ. ಸಿನಿಮಾ ಮುಗಿಯುತ್ತದೆ.

"ಮಾಫಿ ಕೇಳುದು ಅವ," ಎಂದಳು ಪಕ್ಕದವಳು.

"ಎಲ್ಲಿ ಮಾಫಿ, ಬೈಯಾಕ ಹತ್ಯಾನ," ಎಂದೆ ನಾನು.

ಕಲ್ಯಾಣದಿಂದ ಡೊಂಬಿವಲಿಯವರೆಗೆ ಲೇಡೀಸ್ ಡಬ್ಬಿಯಲ್ಲಿ ಇದೇ ಜಗಳ. ಪಕ್ಕದಲ್ಲಿ ಬಟಾಣಿ ಸುಲಿಯುತ್ತಿದ್ದ ಹೆಂಗಸು, ಯಾರ ಮನೆಯ ಗಲಾಟೆ ಇದು ಎಂದು ಮರಾಠಿಯಲ್ಲಿ ವಿಚಾರಿಸಿದಳು.

ಅದಾದ ಮೇಲೆ ಪಕ್ಕದ ಖೋಲಿಯವಳ ಗಂಡ ಮನೆ ಬಿಟ್ಟ. ವಿಠ್ಠಲವಾಡಿಯಲ್ಲಿ ಇನ್ನೊಬ್ಬಳ ಜೊತೆ ಇದ್ದಾನೆಂದು ಚಾಳಿಗೆಲ್ಲ ಗೊತ್ತಾಯಿತು. ಊರಿನಿಂದ ಅವಳ ಅಣ್ಣ ಬಂದು, ಅವನನ್ನು ಮತ್ತೆ ಒಳಗೆ ಸೇರಿಸಿದರೆ ತವರು ಇಲ್ಲವೆಂದು ತಿಳಿ ಎಂದು ಹೇಳಿ ಹೋದ. ಮಳೆಗಾಲದ ಒಂದು ಮಧ್ಯಾಹ್ನ ಗಂಡ ಬಂದು ಅವಳ ಬಾಗಿಲ ಮುಂದೆ ನಿಂತ. ಕೂಗಲಿಲ್ಲ, ಬಡಿಯಲಿಲ್ಲ. ನಾನು ನನ್ನ ಬಾಗಿಲಿನಿಂದಲೇ, ಅವನಿಗೂ ಕೇಳಲಿ ಎಂದು, "ತೆಗೀಬ್ಯಾಡ," ಎಂದೆ. ಅವಳು ತೆಗೆದಳು.

ಮರುದಿನ ನಳದ ಹತ್ತಿರ ಯಾಕೆಂದು ಕೇಳಿದೆ. "ಸಿನಿಮಾದಲ್ಲಿ ಆ ಹೆಂಗಸು ತೆಗೀಲಿಲ್ಲ. ಅಷ್ಟು ಕೇಳಿಕೊಂಡ ಗಂಡಸು ಹೋಗಿಯೇ ಬಿಟ್ಟ. ನೀವೂ ನೋಡಿದ್ದೀರಲ್ಲ ಅಕ್ಕ," ಎಂದಳು. ಅಣ್ಣ ಹೇಳಿದಂತೆಯೇ ಮಾಡಿದ. ಅವಳ ಅಮ್ಮ ತೀರಿಕೊಂಡ ಸುದ್ದಿಯೂ ಅವಳಿಗೆ ಬೇರೆಯವರಿಂದ ತಿಳಿಯಿತು. ಯಾಕೆ ತೆಗೆದೆ ಎಂದು ಯಾರೇ ಕೇಳಲಿ, ಅವಳು ಆ ಸಿನಿಮಾದ ಕತೆಯನ್ನೇ ಹೇಳುತ್ತಿದ್ದಳು. ನನಗೆ ಕೊರೆಯುತ್ತಿದ್ದುದು ಇಷ್ಟೇ. ಅವನು ನಿಜಕ್ಕೂ ಬೈಯುತ್ತಿದ್ದರೆ? ತಿಳಿಯದ ಮಾತನ್ನು ನಂಬಿ ಇವಳು ತವರು ಕಳೆದುಕೊಂಡಳಲ್ಲ?

ನನ್ನ ಮೊಮ್ಮಗಳು ಐರೋಳಿಯಲ್ಲಿ ಆಫೀಸಿಗೆ ಹೋಗುತ್ತಾಳೆ. ರಜೆಯ ದಿನ ಲ್ಯಾಪ್‌ಟಾಪಿನಲ್ಲಿ ಇದೇ ಕಪ್ಪುಬಿಳುಪಿನ ಗಂಡಸರನ್ನು ಹಾಕಿಕೊಂಡು ಕೂರುತ್ತಾಳೆ.

"ಸತ್ತು ಮಣ್ಣಾದವರನ್ನ ಏನ್ ನೋಡ್ತಿ?" ಎಂದೆ.

"ಅಜ್ಜಿ, ಇವ್ರು ಸಗಳಾ ಬೋಲ್ತಾ ಕೂರಲ್ಲ ನಾ, ಅದಕ್ಕೇ ಮಜಾ," ಎಂದಳು. ಅವಳ ಕನ್ನಡ ಅಷ್ಟೇ, ಅರ್ಧ ಮರಾಠಿ, ಅರ್ಧ ಹಿಂದಿ. ಅವರು ಎಲ್ಲವನ್ನೂ ಬಾಯಿಬಿಟ್ಟು ಹೇಳುವುದಿಲ್ಲವೆಂಬುದೇ ಅವಳಿಗೆ ಮಜವಂತೆ.

ನಾನು ಟೊಪ್ಪಿಗೆಯವನ ವಿಷಯ ಹೇಳಿದೆ. ಅವಳು ಫೋನಿನಲ್ಲಿ ಬಾಗಿಲು, ಮಳೆ, ಮೆಟ್ಟಿಲು ಎಂದೆಲ್ಲ ಹಾಕಿ ಹುಡುಕಿದಳು. ಯಾರ್ಯಾರದೋ ಮುಖ ತೋರಿಸಿದಳು. ಇವನಲ್ಲ, ಇವನೂ ಅಲ್ಲ ಎಂದು ಹೇಳಿ ಹೇಳಿ ನನಗೆ ಸಾಕಾಯಿತು. ಕೆಲವು ದಿನ ಬಿಟ್ಟು ಅವನೇ ಸಿಕ್ಕಿದ. ಮಾತೆಲ್ಲ ಕೆಳಗೆ ಅಕ್ಷರದಲ್ಲಿ ಬರುತ್ತದಂತೆ.

"ಕೊನಿ ಈಗ ಹಾಕಬ್ಯಾಡ. ಆಕಿನೂ ಇರಲಿ," ಎಂದೆ.

ಪಕ್ಕದವಳು ಈಗ ಘೋಡಬಂದರ್ ರಸ್ತೆಯಲ್ಲಿ ಮಗನ ಮನೆಯಲ್ಲಿದ್ದಾಳೆ. ಗಂಡನೂ ಇದ್ದಾನೆ. ನಾನು ಮೊಮ್ಮಗಳೊಂದಿಗೆ ಹೋದಾಗ ಒಳಕೋಣೆಯಲ್ಲಿ ಮಲಗಿದ್ದ. ಬಂದ ಕಾರಣ ಕೇಳಿ ಅವಳ ಮುಖ ಸಣ್ಣದಾಯಿತು.

"ಎಂತಕ್ಕೆ ಅಕ್ಕ, ಈಗ ಅದೆಲ್ಲ?"

"ಯಾಕ, ಹೆದರಿಕಿ ಬಂತೇನು?"

"ನೀವು ಹೇಳಿದ್ದೇ ಸರಿ ಅಂತಾದ್ರೆ? ಇಷ್ಟು ವರ್ಷ ಎಲ್ಲರ ಹತ್ರ ಅದನ್ನೇ ಹೇಳಿಕೊಂಡು ಬಂದದ್ದು ನಾನು."

ಹೀಗೆ ಹೇಳಿದರೂ ಕನ್ನಡಕ ಒರೆಸಿಕೊಂಡು ದೊಡ್ಡ ಟಿವಿಯ ಮುಂದೆ ಕೂತಳು. ಬಾಗಿಲು ಬಂತು, ಮಳೆ ಬಂತು, ಅವನು ಬಂದ. ಎಷ್ಟು ಸಣ್ಣ ಪ್ರಾಯದ ಹುಡುಗ! ಆಗ ನಮಗೆ ಹಿರಿಯನಂತೆ ಕಂಡಿದ್ದ. ಅವನು ಮಾತಾಡಿ ಮುಗಿಸಿದ ಮೇಲೆ ಮೊಮ್ಮಗಳು ಚಿತ್ರವನ್ನು ನಿಲ್ಲಿಸಿದಳು.

"ಅವ್ನು ಬೋಲ್ತಾನೆ, ಬಾಗಿಲು ತೆಗೀಬೇಡ. ಕೆಳಗೆ ಪೊಲೀಸ್ ಇದ್ದಾರೆ. ತೆಗೆದ್ರೆ ನಿನ್ನೂ ಪಕಡ್ತಾರೆ. ನಾನು ಯಾರು, ನಿಂಗೆ ಗೊತ್ತೇ ಇಲ್ಲ ಅಂತ ಹೇಳು."

ಮಾಫಿಯೂ ಅಲ್ಲ, ಬೈಗುಳವೂ ಅಲ್ಲ. ನಾನು ಇನ್ನೊಮ್ಮೆ ಹಾಕಿಸಿದೆ. ಹರೆಯದಲ್ಲಿ ಬೈಯುವಂತೆ ಕಂಡ ಮುಖವೇ ಈಗ ಅಂಗಲಾಚುವಂತೆ ಕಂಡಿತು. ಅವನು ಒಂದು ಕೂದಲಷ್ಟೂ ಬೇರೆ ಮಾಡಿರಲಿಲ್ಲ. ಮಾತು ತಿಳಿದದ್ದು ನನಗೆ, ಬದಲಾದದ್ದು ಅವನ ಮುಖ. ಈ ಗಂಡಸರು ಜನರನ್ನು ಹಿಡಿದು ಕೂರಿಸುವುದು ಹೀಗೆಯೇ ಇರಬೇಕು.

"ತೆಗೀಬೇಡ ಅಂದದ್ದಾ?" ಎಂದು ಅವಳು ಮೊಮ್ಮಗಳನ್ನು ಕೇಳಿದಳು. ಹೌದೆಂದು ಹುಡುಗಿ ತಲೆಯಾಡಿಸಿದಳು.

ನಾನು ಬಿಡಲಿಲ್ಲ. "ಹಂಗಾರ ನೀ ತೆಗದದ್ದು ತಪ್ಪಾತಲ್ಲ?"

ಅವಳು ಟಿವಿಯನ್ನೇ ನೋಡುತ್ತಿದ್ದಳು. "ಸಿನಿಮಾ ನೋಡಿ ಯಾರಾದ್ರೂ ಬಾಗಿಲು ತೆಗೀತಾರಾ ಅಕ್ಕ? ಕೇಳಿದವರಿಗೆ ಎಂತಾದ್ರೂ ಒಂದು ಹೇಳ್ಬೇಕಲ್ಲ."

"ಮತ್ತ ಯಾಕ ತೆಗದಿ?"

"ಚಾಳಿನ ಬಾಗಿಲ ಕೆಳಗೆ ಸಂದು ಇತ್ತಲ್ಲ, ಅಲ್ಲಿ ಅವರ ಕಾಲು ಕಾಣ್ತಿತ್ತು. ಹೋಟೆಲಿನ ನೀರಲ್ಲಿ ನಿಂತು ನಿಂತು ಬೆರಳ ಸಂದಿಯೆಲ್ಲ ಹುಣ್ಣಾಗಿತ್ತು. ಆ ವಿಠ್ಠಲವಾಡಿಯವಳು ಒಂದು ಎಣ್ಣೆ ಸಹ ಹಚ್ಚಿ ಕೊಡ್ಲಿಲ್ಲ. ಅದನ್ನು ನೋಡಿ ತೆಗೆದೆ. ಕಾಲು ನೋಡಿ ತೆಗೆದೆ ಅಂತ ಅಣ್ಣನ ಹತ್ರ ಹೇಳ್ಲಿಕ್ಕೆ ಆಗ್ತದಾ?"

"ನನಗರ ಹೇಳಬಹುದಿತ್ತಲ್ಲ?"

"ನಿಮಗಾ? ನೀವು ನಗಾಡ್ತಿದ್ರಿ."

ಅದು ನಿಜ. ಈಗಲೂ ನಗು ಬಂತು. ಅವಳು ನನ್ನನ್ನು ದುರುಗುಟ್ಟಿ ನೋಡಿ, ಆಮೇಲೆ ತಾನೂ ನಕ್ಕಳು. ಮೊಮ್ಮಗಳು ಇಬ್ಬರನ್ನೂ ಮಿಕಿಮಿಕಿ ನೋಡುತ್ತಿದ್ದಳು. ಗಲಾಟೆಗೆ ಎಚ್ಚರವಾಗಿ ಅವಳ ಗಂಡ ಹೊರಗೆ ಬಂದು, "ಎಂತ ಆಯ್ತು?" ಎಂದ. ನಾನು ಅವನ ಮುಖ ನೋಡಲಿಲ್ಲ, ಕಾಲು ನೋಡಿದೆ. ಸಾಕ್ಸ್ ಹಾಕಿಕೊಂಡಿದ್ದ.