ಸಾಬರ ಜೇಬಿನ ಫ್ಲಾಪಿ

ಅವರ ಬಿಳಿ ಗಡ್ಡದ ಬಲಭಾಗ ಯಾವಾಗಲೂ ಬೂದುಬಣ್ಣಕ್ಕಿರುತ್ತಿತ್ತು. ಅದು ಧೂಳು. ಯಾರ ಮನೆಗೆ ಹೋದರೂ ಕಂಪ್ಯೂಟರಿನ ಡಬ್ಬಿ ಬಿಚ್ಚುವ ಮೊದಲು ಅವರು ನೆಲದ ಮೇಲೆ ಮಂಡಿಯೂರಿ, ಬಲಗೆನ್ನೆಯನ್ನು ಅದರ ತಗಡಿಗೆ ಒತ್ತಿ, ಕಣ್ಣು ಮುಚ್ಚಿ ಒಳಗಿನ ಸದ್ದು ಕೇಳುತ್ತಿದ್ದರು. ಬಸುರಿ ಹೆಂಡತಿಯ ಹೊಟ್ಟೆಗೆ ಕಿವಿಯಿಟ್ಟ ಗಂಡನ ಹಾಗೆ ಕಾಣುತ್ತಾರೆಂದು ನನ್ನ ಹೆಂಡತಿ ಅಡುಗೆಮನೆಯಲ್ಲಿ ಬಾಯಿಗೆ ಸೆರಗು ಹಿಡಿದು ನಗುತ್ತಿದ್ದಳು. ಕೇಳಿ ಮುಗಿಸಿ, "ಉಸಿರು ಸರಿಯಾಗಿದೆ, ತಲೆ ಕೆಟ್ಟಿದೆ" ಎಂದೋ, "ಫ್ಯಾನಿಗೆ ಜಿರಲೆ ಸಿಕ್ಕಿದೆ" ಎಂದೋ ಹೇಳುತ್ತಿದ್ದರು. ಎಷ್ಟೋ ಸಲ ಅದು ತಪ್ಪಾಗುತ್ತಿತ್ತು. ಆಗ ಮೊದಲು ನಗುತ್ತಿದ್ದವರೂ ಅವರೇ.

ನಮ್ಮ ಬೀದಿಯಲ್ಲಿ ಅವರನ್ನು ಕಂಪ್ಯೂಟರ್ ಸಾಬರು ಎಂದೇ ಕರೆಯುತ್ತಿದ್ದೆವು. ಮನೆ ಶಿವಾಜಿನಗರದಲ್ಲಿ. ರೇಡಿಯೋ, ಟೇಪ್ ರೆಕಾರ್ಡರ್, ಟಿ.ವಿ. ಎಲ್ಲ ರಿಪೇರಿ ಮಾಡಿ, ತಲೆ ನರೆಯುವ ಹೊತ್ತಿಗೆ ಕಂಪ್ಯೂಟರ್ ಕಲಿತವರು. ಮೊಪೆಡ್ಡಿನ ಮುಂದೆ ಚೀಲ ಇಟ್ಟುಕೊಂಡು ಲಿಂಗರಾಜಪುರ ದಾಟಿ ಕಮ್ಮನಹಳ್ಳಿಗೆ ಬರುತ್ತಿದ್ದರು. ಬೆಳಿಗ್ಗೆ ಬರುತ್ತೇನೆಂದರೆ ಮಧ್ಯಾಹ್ನ ಬರುವರು, ಮಧ್ಯಾಹ್ನ ಎಂದರೆ ಮರುದಿನ. ಬೈಯಲು ಬಾಯಿ ತೆರೆಯುವಷ್ಟರಲ್ಲಿ ಗಡ್ಡದ ಧೂಳು ಕೊಡವುತ್ತಾ, "ಹಿಂದಿನ ಮನೇಲಿ ರೋಗಿ ಬಿಡ್ಲಿಲ್ಲ ಯಜಮಾನ್ರೇ" ಎನ್ನುತ್ತಿದ್ದರು.

ನಾನು ಎಸ್ಸೆಸ್ಸೆಲ್ಸಿ ಓದಿದವನು. ನಮ್ಮಪ್ಪ ರಾಗಿ ಬೆಳೆದ ಹೊಲದಲ್ಲಿ ಮನೆಗಳನ್ನು ಕಟ್ಟಿಸಿ, ಬಾಡಿಗೆಗೆ ಬಿಟ್ಟು ಬದುಕಿದವನು. ಎರಡು ಸಾವಿರದ ಇಸವಿ ಕಳೆದ ಮೇಲೆ ಮಗಳ ಬಿ.ಕಾಂ. ಓದಿಗೆಂದು ಕಂಪ್ಯೂಟರ್ ಮಾಡಿಸಿದೆ. ಎಸ್.ಪಿ. ರಸ್ತೆಯಿಂದ ಬಿಡಿಭಾಗ ತಂದು ಜೋಡಿಸಿಕೊಟ್ಟವರು ಸಾಬರೇ. ಆಯುಧಪೂಜೆಯ ದಿನ ನನ್ನ ಹೆಂಡತಿ ಅದಕ್ಕೆ ಕುಂಕುಮ ಇಟ್ಟು, ಫ್ಲಾಪಿ ಹಾಕುವ ಸೀಳಿಗೆ ಸೇವಂತಿಗೆ ಸಿಕ್ಕಿಸಿದ್ದಳು. ಎಸಳುಗಳನ್ನು ಚಿಮುಟದಿಂದ ಒಂದೊಂದಾಗಿ ಎಳೆದು ತೆಗೆಯುತ್ತಾ ಸಾಬರು, "ಅಮ್ಮಾ, ಹೂವು ತಲೆ ಮೇಲೆ ಇಡಿ. ಬಾಯಿಗೆ ಯಾಕೆ ತುರುಕ್ತೀರಿ?" ಎಂದಿದ್ದರು.

ಮಗಳ ಕೊನೆಯ ವರ್ಷದಲ್ಲಿ ಆ ಕಂಪ್ಯೂಟರಿಗೆ ವೈರಸ್ ಬಂತು. ಶುರು ಮಾಡಿದ ಸ್ವಲ್ಪ ಹೊತ್ತಿಗೆ ತಾನೇ ಆರಿ ಮತ್ತೆ ಹೊತ್ತಿಕೊಳ್ಳುವುದು. ಮಗಳ ಫೈಲುಗಳ ಹೆಸರೆಲ್ಲ ಓದಲಾಗದ ಗೀಚುಗಳಾಗುವುದು. ಸಾಬರು ಬಂದು ಮೊದಲು ಇಂಟರ್ನೆಟ್ಟಿನ ಫೋನ್ ವೈರು ಕಿತ್ತರು. "ಮೊದಲು ದಾರಿ ಮುಚ್ಚಬೇಕು, ಆಮೇಲೆ ಕಳ್ಳನ್ನ ಹುಡುಕಬೇಕು" ಎನ್ನುವುದು ಅವರ ಮಾತು. ಆಮೇಲೆ ಅಂಗಿಯ ಜೇಬಿನಿಂದ ಒಂದು ನೀಲಿ ಫ್ಲಾಪಿ ತೆಗೆದರು. ವೈರಸ್ ಹುಡುಕಿ ಅಳಿಸುವ ಸಾಮಗ್ರಿಯೆಲ್ಲ ಅದರಲ್ಲಿತ್ತು. ಅದಕ್ಕೆ ಮದ್ದು ಎನ್ನುತ್ತಿದ್ದರು. ಒಳಗೆ ಹಾಕುವ ಮೊದಲು ಅದರ ಮೂಲೆಯ ಸಣ್ಣ ಗುಂಡಿಯನ್ನು ಸರಿಸಿ ನಮಗೆಲ್ಲ ತೋರಿಸುವರು. "ನೋಡಿ, ಬಾಗಿಲು ಹಾಕಿದೀನಿ. ಇದರೊಳಗೆ ಈಗ ಏನೂ ಹತ್ತೋಕಾಗಲ್ಲ. ನಿಮ್ಮನೆ ರೋಗ ನಾನು ಪಕ್ಕದ ಮನೆಗೆ ತಗೊಂಡು ಹೋಗಲ್ಲ." ಯಾವ ಮನೆಯಲ್ಲೂ ಅವರು ಇದನ್ನು ತೋರಿಸದೆ ಕೆಲಸ ಶುರು ಮಾಡಿದವರಲ್ಲ.

ವೈರಸ್ ಹೋಯಿತು. ಕೆಲವು ದಿನಕ್ಕೆ ಮತ್ತೆ ಬಂತು. ಸಾಬರೂ ಬಂದರು. ಅದೇ ರೋಗಕ್ಕೆ ಎರಡನೇ ಸಲ ದುಡ್ಡು ಮುಟ್ಟುವುದಿಲ್ಲವೆಂಬುದು ಅವರ ಹಟ. ಈ ಸಲ ಇಡೀ ಡಿಸ್ಕನ್ನೇ ಅಳಿಸಿ ಹೊಸದಾಗಿ ತುಂಬಿದರು. ಆದರೂ ಮತ್ತೆ ಬಂತು.

ಈಗ ನಾನು ಬಚ್ಚಿಟ್ಟಿದ್ದನ್ನು ಹೇಳಬೇಕು. ಮಗಳಿಗೆ ಬಂದ ಎರಡು ಒಳ್ಳೆಯ ಸಂಬಂಧಗಳನ್ನು ಜಾತಕ ಕೂಡಲಿಲ್ಲವೆಂದು ನಾನೇ ಬಿಡಿಸಿದ್ದೆ. ಎರಡನೆಯದು ತಪ್ಪಿದಾಗ ಮಗಳು ವಾರಗಟ್ಟಲೆ ನನ್ನೊಡನೆ ಮಾತಾಡಲಿಲ್ಲ. ಹೆಂಡತಿ ನನ್ನನ್ನು ದೇವರ ಮುಂದೆ ನಿಲ್ಲಿಸಿ, ಇನ್ನು ಜಾತಕ ನೋಡುವುದಿಲ್ಲವೆಂದು ದೀಪ ಮುಟ್ಟಿಸಿ ಆಣೆ ಹಾಕಿಸಿದಳು. ಮೂರನೆಯ ಸಂಬಂಧ ಮಹದೇವಪುರದ ಕಡೆಯಿಂದ ಬಂತು. ಹುಡುಗ ಮಗಳಿಗೆ ಹಿಡಿಸಿದ್ದ. ನಾನು ಹೂಂ ಎಂದೆ. ಆದರೆ ಎದೆಯೊಳಗೆ ಭಯ ಹೋಗಲಿಲ್ಲ. ಶಿವಾಜಿನಗರ ಬಸ್ ನಿಲ್ದಾಣದ ಹತ್ತಿರ ಫುಟ್‌ಪಾತಿನಲ್ಲಿ ಜಾತಕ ಕೂಡಿಸುವ ಸಿಡಿಯೊಂದು ಸಿಕ್ಕಿತು. ಹೆಂಡತಿ ಮಧ್ಯಾಹ್ನ ಮಲಗಿದಾಗ, ಮಗಳು ಮಾಡುವುದನ್ನು ಕದ್ದು ನೋಡಿ ಕಲಿತಷ್ಟರಲ್ಲೇ ಅದನ್ನು ಹಾಕಿ ನೋಡುವೆ. ಕೂಡುವುದಿಲ್ಲ ಎಂದು ಬರುವುದು. ಹುಡುಗ ಹುಟ್ಟಿದ ಹೊತ್ತನ್ನು ಸ್ವಲ್ಪ ಹಿಂದೆ ಮುಂದೆ ಮಾಡಿ, ಕೂಡುತ್ತದೆ ಎಂದು ಬರುವವರೆಗೆ ಬಿಡೆ. ಮರುದಿನ ನೆಮ್ಮದಿ ಕರಗಿ, ಮತ್ತೆ ಹಾಕುವೆ. ಆ ಸಿಡಿ ಬೀರುವಿನಲ್ಲಿ ನನ್ನ ರೇಷ್ಮೆ ಪಂಚೆಯ ಮಡಿಕೆಯೊಳಗಿತ್ತು.

ಮೂರನೇ ಸಲ ಬಂದಾಗ ಸಾಬರು ತಕ್ಷಣ ಕಂಪ್ಯೂಟರ್ ಮುಟ್ಟಲಿಲ್ಲ. ನಮ್ಮ ಮೂವರನ್ನೂ ಹಜಾರದಲ್ಲಿ ಕೂರಿಸಿದರು.

"ನೋಡಿ, ಹೊರಗಿನ ದಾರಿ ಮುಚ್ಚಿದೀನಿ. ಒಳಗೆಲ್ಲಾ ತೊಳೆದಿದೀನಿ. ಆದ್ರೂ ಬರ್ತಿದೆ ಅಂದ್ರೆ ಮನೇಲೇ ಎಲ್ಲೋ ಕೂತಿದೆ. ಅದೇನು ಹಟಮಾರಿ ಅಲ್ಲ, ನಾವು ಕೊಟ್ಟ ಜಾಗದಲ್ಲಿರುತ್ತೆ ಅಷ್ಟೆ. ಇರೋ ಫ್ಲಾಪಿ, ಸಿಡಿ ಎಲ್ಲಾ ಮೇಜಿನ ಮೇಲಿಡಿ."

ಮಗಳು ತನ್ನವೆಲ್ಲ ತಂದಿಟ್ಟಳು. ಹೆಂಡತಿ, "ನನ್ನ ಸುಪ್ರಭಾತದ ಕ್ಯಾಸೆಟ್ಟೂ ತರ್ಲಾ ಸಾಬ್ರೇ?" ಎಂದಳು.

"ಬೇಡಮ್ಮ. ದೇವರಿಗೆ ವೈರಸ್ ಬರಲ್ಲ."

"ಮತ್ತೆ ಇವ್ರಿಗೆ?" ಎಂದು ಅವಳು ನನ್ನ ಕಡೆ ಕೈ ತೋರಿಸಿ ನಕ್ಕಳು. "ಮೌಸ್ ಹಿಡಿಯೋಕೂ ಬರಲ್ಲ ಇವ್ರಿಗೆ. ಇವರ ಹತ್ರ ಏನಿರುತ್ತೆ?"

ಸಾಬರು ಎಲ್ಲವನ್ನೂ ಕಂಪ್ಯೂಟರಿಗೆ ಹಾಕಿ ಪರೀಕ್ಷಿಸಿದರು. ಎಲ್ಲ ಶುದ್ಧವಾಗಿದ್ದವು. ಎದ್ದು ಬೀಡಿ ಕಟ್ಟು ಕೈಗೆ ತೆಗೆದುಕೊಂಡರು. ಯಾರನ್ನೂ ನೋಡದೆ, "ಹೊರಗೆ ಹೋಗಿ ಒಂದು ಬೀಡಿ ಸೇದಿ ಬರ್ತೀನಿ. ಅಷ್ಟರಲ್ಲಿ ಯಾರಿಗಾದ್ರೂ ಏನಾದ್ರೂ ನೆನಪಾದ್ರೆ ಇದರ ಜೊತೆ ಇಟ್ಟಿರಿ. ಯಾರದು ಅಂತ ನಾನು ಕೇಳಲ್ಲ" ಎಂದರು.

ಹೆಂಡತಿ ಕಾಫಿಗೆಂದು ಒಳಗೆ ಹೋದಳು. ಮಗಳಿಗೆ ಫೋನ್ ಬಂತು. ಹಜಾರದಲ್ಲಿ ನಾನೊಬ್ಬನೇ ಇದ್ದೆ. ಬೀರು ನಾಲ್ಕು ಹೆಜ್ಜೆ ದೂರದಲ್ಲಿತ್ತು. ಸಿಡಿಯ ಮೇಲೆ ನನಗೂ ಆ ಹೊತ್ತಿಗೆ ಅನುಮಾನವಿತ್ತು. ಅನುಮಾನ ಇದ್ದುದರಿಂದಲೇ ಕೈ ಏಳಲಿಲ್ಲ. ಸಾಬರು ಒಂದು ಬೀಡಿಗೆ ಬೇಕಾದುದಕ್ಕಿಂತ ಬಹಳ ಹೆಚ್ಚು ಹೊತ್ತು ಹೊರಗೇ ನಿಂತಿದ್ದರು. ಒಳಗೆ ಬಂದು ಮೇಜು ನೋಡಿ ಕೆಲಸಕ್ಕೆ ಕೂತರು.

ವೈರಸ್ ಮತ್ತೆ ಬಂತು. ನಾನು ಮತ್ತೆ ಸಿಡಿ ಹಾಕಿದ್ದೆ.

ಆ ಸಂಜೆ ಬೀದಿ ಕೊನೆಯ ಕಾಂಡಿಮೆಂಟ್ಸ್ ಅಂಗಡಿಯ ಮುಂದೆ ನಾಲ್ಕಾರು ಜನ ಸೇರಿದ್ದೆವು. ನನ್ನ ಗೋಳು ಕೇಳಿ ಅಂಗಡಿಯವನು, "ಅಲ್ಲಾ ಸ್ವಾಮಿ, ಅವನು ಬಂದು ಹೋದಷ್ಟು ಸಲಾನೂ ಬರುತ್ತೆ ಅಂದ್ರೆ, ಅವನೇ ಬಿಡ್ತಿರಬೇಕು ಕಣ್ರೀ" ಎಂದ. ಮಾತಿಗೆ ಎಸೆದ ಮಾತು. ನಾನು ಸುಮ್ಮನಿದ್ದರೆ ಅಲ್ಲೇ ಬಿದ್ದುಹೋಗುತ್ತಿತ್ತು.

ನಾನು ಹೇಳಿದೆ: "ಜೇಬಿಂದ ಒಂದು ಫ್ಲಾಪಿ ತೆಗೆದು ಹಾಕ್ತಾನೆ. ನಾನೇ ಕಣ್ಣಾರೆ ನೋಡಿದೀನಿ."

ನೋಡಿದ್ದೆ, ನಿಜ. ಅದು ಮದ್ದು ಎಂದು ಹೇಳಲಿಲ್ಲ, ಅಷ್ಟೆ. ಅದುವರೆಗೂ ಅವರನ್ನು ಏಕವಚನದಲ್ಲಿ ಕರೆದವನೂ ನಾನಲ್ಲ. "ಶಿವಾಜಿನಗರದವರನ್ನ ಮನೆಯೊಳಗೆ ಬಿಟ್ಕೊಂಡ್ರೆ ಇನ್ನೇನಾಗುತ್ತೆ" ಎಂದು ಇನ್ನೊಬ್ಬರು ಸೇರಿಸಿದರು. ನಾನು ಅದಕ್ಕೂ ತಲೆಯಾಡಿಸಿದೆ.

ಹೆದರಿಕೆಗೋ ನಾಚಿಕೆಗೋ ಮರುದಿನವೇ ಸಿಡಿಯನ್ನು ಮುರಿದು ಮೋರಿಗೆ ಹಾಕಿದೆ. ಕಮ್ಮನಹಳ್ಳಿ ಮೇನ್ ರೋಡಿನ ಅಂಗಡಿಯ ಇನ್ನೊಬ್ಬನನ್ನು ಕರೆಸಿ ಕಂಪ್ಯೂಟರ್ ಸ್ವಚ್ಛ ಮಾಡಿಸಿದೆ. ವೈರಸ್ ಮತ್ತೆ ಬರಲಿಲ್ಲ. ಬೀದಿಗೆ ಇದಕ್ಕಿಂತ ಪುರಾವೆ ಬೇಕಿರಲಿಲ್ಲ. ಸಾಬರು ಬರುವುದು ನಿಂತಿತು, ರೋಗವೂ ನಿಂತಿತು ಎಂದು ಎಲ್ಲರೂ ಆಡಿಕೊಂಡರು. ಮನೆಮನೆಯವರೂ ಅವರನ್ನು ಬಿಟ್ಟರು. ಆಮೇಲೆ ಅವರನ್ನು ರಿಪೇರಿಗೆ ಕರೆಸುತ್ತಿದ್ದ ಹತ್ತಿರದ ಒಂದು ಶಾಲೆಯೂ ಕೈಬಿಟ್ಟಿತು. ಒಂದು ದಿನ ಅವರು ಆ ಅಂಗಡಿಯ ಮುಂದೆ ಮೊಪೆಡ್ ನಿಲ್ಲಿಸಿ, "ಏನಾಯ್ತು, ಯಾರೂ ಕರೀತಿಲ್ಲ?" ಎಂದು ಕೇಳಿದರಂತೆ. ಅಂಗಡಿಯವನು ನನ್ನ ಮಾತನ್ನು ಅವರಿಗೇ ಹೇಳಿದನಂತೆ. ಅವರು "ಹಾಗಂದ್ರಾ" ಎಂದಷ್ಟೇ ಹೇಳಿ ಹೋದರಂತೆ.

ಮಗಳ ಮದುವೆ ಆಯಿತು. ಸಾಬರಿಗೆ ಪತ್ರಿಕೆ ಕೊಟ್ಟಿರಾ ಎಂದು ಹೆಂಡತಿ ಕೇಳಿದಾಗ, ಮನೆ ಬದಲಾಯಿಸಿದ್ದಾರೆ, ಸಿಗಲಿಲ್ಲ ಎಂದೆ.

ಕೆಲವು ವರ್ಷ ಕಳೆದ ಮೇಲೆ ಶಿವಾಜಿನಗರದಲ್ಲಿ ಅವರನ್ನು ಕಂಡೆ. ಪಾತ್ರೆ ಅಂಗಡಿಯೊಂದರ ಜಗಲಿಯ ಮೂಲೆಯಲ್ಲಿ ಕೂತು ಎಮರ್ಜೆನ್ಸಿ ಲ್ಯಾಂಪ್ ರಿಪೇರಿ ಮಾಡುತ್ತಿದ್ದರು. ಇಳಿದುಹೋಗಿದ್ದರು. ಗಡ್ಡ ಎರಡೂ ಕಡೆ ಒಂದೇ ಬಿಳುಪು. ನಾನು ತಪ್ಪಿಸಿಕೊಳ್ಳುವ ಮೊದಲೇ ಕೈಯೆತ್ತಿದರು.

"ಬನ್ನಿ ಯಜಮಾನ್ರೇ, ಕೂತ್ಕೊಳ್ಳಿ. ಮಗಳು ಚೆನ್ನಾಗಿದಾಳಾ?"

"ಚೆನ್ನಾಗಿದಾಳೆ. ಒಂದು ಗಂಡು ಮಗು."

"ಅಲ್ಲಾ ಒಳ್ಳೇದು ಮಾಡ್ಲಿ. ಅಮ್ಮ?"

"ಚೆನ್ನಾಗಿದಾಳೆ."

ಚಹಾ ತರಿಸಿದರು. ಲೋಟ ನನ್ನ ಕೈಗೆ ಕೊಡುತ್ತಾ ದನಿ ತಗ್ಗಿಸಿ, "ಆ ಜಾತಕದ ಸಿಡಿ ಬಿಸಾಕಿದ್ರಲ್ಲಾ?" ಎಂದರು.

ಲೋಟ ಕೆಳಗಿಟ್ಟೆ. "ನಿಮಗೆ ಗೊತ್ತಿತ್ತಾ?"

"ಯಾವುದನ್ನ ಹಾಕಿದ್ರಿ, ಯಾವಾಗ ಹಾಕಿದ್ರಿ ಅಂತ ಮಷಿನ್ನೇ ತೋರಿಸುತ್ತೆ. ಮೂರನೇ ಸಲ ಬಂದಾಗ್ಲೇ ಕಂಡೆ. ಅಮ್ಮ ನಿಮಗೆ ಆಣೆ ಹಾಕ್ಸಿದ್ದು ನಂಗೊತ್ತಿತ್ತು, ಕಾಫಿ ಕೊಡೋವಾಗ ಹೇಳಿದ್ರು. ಹೆಣ್ಣು ಹೆತ್ತೋರಿಗೆ ಭಯ ಇರುತ್ತೆ. ನನಗೂ ಎರಡಿದಾವೆ."

"ಮತ್ತೆ ಬೀದೀಲಿ ಅಷ್ಟು ಮಾತು ಬಂದಾಗ ನೀವ್ಯಾಕೆ ಹೇಳ್ಲಿಲ್ಲ?"

ಅವರು ಲ್ಯಾಂಪಿನ ಸ್ಕ್ರೂ ತಿರುಗಿಸುತ್ತಲೇ ಇದ್ದರು. "ಮದುವೆ ಮನೆ ಅಲ್ವಾ. ಮದುವೆ ಆದ್ಮೇಲೆ ನೀವೇ ಹೇಳ್ತೀರಿ ಅಂದ್ಕೊಂಡೆ."

ಅವರು ಬೈದಿದ್ದರೆ ನಾನು ಆ ಕ್ಷಣವೇ ಕಾಲು ಹಿಡಿಯುತ್ತಿದ್ದೆನೋ ಏನೋ. ಬೈಯಲಿಲ್ಲ. ಚಹಾ ಕುಡಿದು, ಮುಂದಿನ ವಾರ ಬೀದಿಯವರನ್ನು ಕರೆದು ಎಲ್ಲ ಹೇಳುತ್ತೇನೆಂದು ಮಾತು ಕೊಟ್ಟೆ. "ನಿಧಾನ ಆದ್ರೂ ಪರವಾಗಿಲ್ಲ" ಎಂದರು. ನಾನು ಆ ಮಾತನ್ನೇ ಹಿಡಿದುಕೊಂಡೆ. ಆ ವಾರ ಹೋಯಿತು, ಹಬ್ಬ ಹೋಯಿತು, ಮಳೆಗಾಲವೂ ಹೋಯಿತು.

ಮತ್ತೆ ಹೋದಾಗ ಜಗಲಿಯ ಮೂಲೆ ಖಾಲಿಯಿತ್ತು. ಪಾತ್ರೆ ಅಂಗಡಿಯವರು, "ರಂಜಾನ್ ಮುಗಿದ ಮೇಲೆ ಹೋಗ್ಬಿಟ್ರು. ಎದೆ ನೋವು ಅಂದ್ರು, ಆಸ್ಪತ್ರೆ ತಲುಪ್ಲಿಲ್ಲ. ನಿಮಗೆ ಏನಾಗ್ಬೇಕಿತ್ತು?" ಎಂದರು. 

ಅಂದೇ ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿದೆ. ಆಣೆ ಮುರಿದದ್ದಕ್ಕೆ ಸಿಡಿಯುತ್ತಾಳೆಂದುಕೊಂಡಿದ್ದೆ. ಅವಳು ಸೆರಗಿನ ಅಂಚು ತಿರುವುತ್ತಾ, "ಜಾತಕ ನೋಡಿದ್ರೆ ನೋಡಿದ್ರಿ, ಒಂದು ದಿನ ಜಗಳ ಆಡ್ತಿದ್ವಿ" ಎಂದಳು. "ಆ ಮನುಷ್ಯನ್ನ ಯಾಕ್ರೀ ಕಳ್ಳನ್ನ ಮಾಡಿದ್ರಿ?"

ಬೀದಿಯಲ್ಲೂ ಹೇಳಿದೆ. ಹಳಬರು ಅರ್ಧ ಜನ ಮನೆ ಮಾರಿ ಹೋಗಿದ್ದರು. ಕಾಂಡಿಮೆಂಟ್ಸ್ ಅಂಗಡಿಯವನು ಚಿಲ್ಲರೆ ಎಣಿಸುತ್ತಾ, "ಯಾರು, ಆ ಸಾಬ್ರಾ? ಈಗ್ಯಾಕೆ ಬಿಡಿ ಸ್ವಾಮಿ" ಎಂದ.

ಈಚೆಗೆ ಅಳಿಯನ ನೆಂಟರ ಗೃಹಪ್ರವೇಶಕ್ಕೆ ಮಹದೇವಪುರಕ್ಕೆ ಹೋಗಿದ್ದೆ. ಪಂಕ್ತಿಗೆ ಕಾಯುತ್ತಾ ಕೂತಾಗ ಪಕ್ಕದ ತರುಣನೊಬ್ಬ ರಿಪೇರಿಯವರ ಮೋಸದ ಬಗ್ಗೆ ಹೇಳುತ್ತಿದ್ದ. "ಕಮ್ಮನಹಳ್ಳಿ ಕಡೆ ಒಬ್ಬ ಸಾಬ ಇದ್ದನಂತೆ ಗುರು. ಜೇಬಲ್ಲೇ ವೈರಸ್ ಫ್ಲಾಪಿ ಇಟ್ಕೊಂಡು ಮನೆಮನೆಗೆ ಬಿಡ್ತಿದ್ದನಂತೆ. ಕೊನೆಗೆ ಒಬ್ರು ಯಜಮಾನ್ರು ಕೈ ಹಿಡಿದು ಸಿಕ್ಕಿಹಾಕ್ಸಿದ್ರಂತೆ."

"ಆ ಯಜಮಾನ ನಾನೇ ಕಣಪ್ಪ" ಎಂದೆ. "ಅವರು ಹಾಗೆ ಮಾಡಿದೋರಲ್ಲ. ಅದರಲ್ಲಿ ಇದ್ದದ್ದು ಮದ್ದು. ಸುಳ್ಳು ಹೇಳಿದ್ದು ನಾನು."

ಅವನು ನನ್ನನ್ನು ಒಮ್ಮೆ ನೋಡಿ, ವಯಸ್ಸಾದವರ ಮಾತಿಗೆ ನಗುವ ಹಾಗೆ ನಕ್ಕ. "ನಿಮಗೆ ಗೊತ್ತಾಗಲ್ಲ ಅಂಕಲ್, ಅವರೆಲ್ಲ ಹಾಗೇ ನಂಬಿಸ್ತಾರೆ" ಎಂದು ಹೇಳಿ, ಎಲೆ ಹಾಕಿದರೆಂದು ಊಟಕ್ಕೆ ಎದ್ದು ಹೋದ. ಅವನ ಮಾತು ಕೇಳುತ್ತಿದ್ದವರೂ ಅವನ ಹಿಂದೆಯೇ ಎದ್ದರು.